ಬಾಗಿಲು ಕಳಚಿದ ಕೋಣೆ

ಮೇಜು ಒಳಗೆ ಬರಲಿಲ್ಲ.
ಉದ್ದಕ್ಕೆ ತಿರುಗಿಸಿದೆವು, ಅಡ್ಡಕ್ಕೆ, ಕಾಲು ಮೇಲಾಗಿ;
ಕಡೆಗೆ ಉಲ್ಲಾಸ ಬಾಗಿಲನ್ನೇ ಕೀಲಿನಿಂದ ಕಳಚಿ
ಗ್ಯಾರೇಜಿನ ಗೋಡೆಗೆ ಒರಗಿಸಿ ಬಂದ.
"ಒಂದು ನೊಣ ಕಟ್ಟೋದಕ್ಕೆ ಇಷ್ಟು ಅವಾಂತರ.
ಮೀನು ಬಂದರೆ ಮನೇನೇ ಕೆಡವಬೇಕೇನೋ."

ಮೇಜು ಪಕ್ಕದ ಮನೆಯ ಕ್ಲ್ಯಾರಿ ಪೈಬಸ್‌ನದು,
ಮುಚ್ಚಿಹೋದ ಶಾಲೆಯ ಹರಾಜಿನಲ್ಲಿ
ಐದು ಡಾಲರಿಗೆ ಕೂಗಿ ತಂದದ್ದು.
ಮಸಿಕುಡಿಕೆಯ ತೂತಿನಲ್ಲಿ ಈಗ ನೂಲಿನ ಉರುಳೆ
ಅಳತೆ ಕೊಟ್ಟು ಮಾಡಿಸಿದ ಹಾಗೆ ಕೂತಿದೆ.

ಕಿಟಕಿ ದಕ್ಷಿಣಕ್ಕಿದೆ. ಅತ್ತೆ ಇದ್ದಿದ್ದರೆ
ಯಮನ ದಿಕ್ಕು ಅನ್ನುತ್ತಿದ್ದರು.
ಡೆಲೊರೇನಿನಲ್ಲಿ ಸೂರ್ಯ ಉತ್ತರದ ಹಾದಿಯವನು,
ದಕ್ಷಿಣದಿಂದ ಬರುವುದು ಬರೀ ತಣ್ಣನೆ ಬೆಳಕು,
ಕಣ್ಣು ಚುಚ್ಚದ್ದು, ಮಧ್ಯಾಹ್ನವಿಡೀ ಅಲುಗದ್ದು.
ಹದಿನಾರನೇ ನಂಬರಿನ ಗಾಳಕ್ಕೆ ಬೇಕಾದದ್ದು ಅದೇ.
ಯಮನಿಗೆ ಹೇಳಿ ಕಳಿಸಿದ್ದೇನೆ,
ಇಲ್ಲಿ ಇರುವುದು ಒಂದೇ ಕುರ್ಚಿ.

ಹುಂಜದ ಕುತ್ತಿಗೆಗರಿ ಹದಿನೈದು ದಿನ ಫ್ರೀಜರಿನಲ್ಲಿ,
ಕರಿಬೇವಿನ ಪೊಟ್ಟಣ, ತುರಿದ ಕಾಯಿಯ ಮಗ್ಗುಲಲ್ಲಿ,
ನುಸಿಯ ಮೊಟ್ಟೆ ಸಾಯಲೆಂದು.
ಮೇಲೆ ಸ್ಕೆಚ್ ಪೆನ್ನಿನಲ್ಲಿ ಬರೆದೆ: ಅಡುಗೆಗಲ್ಲ.
ಮರುದಿನ ಅದರ ಕೆಳಗೆ ಉಲ್ಲಾಸನ ಅಕ್ಷರ: ಸದ್ಯ!

ಲಾನ್ಸೆಸ್ಟನ್ ಆಸ್ಪತ್ರೆಯ ಥಿಯೇಟರಿನಲ್ಲಿ
ಇಪ್ಪತ್ತೆರಡು ವರ್ಷ ಕತ್ತರಿ ಕೊಟ್ಟವಳು ನಾನು.
ಕೇಳುವ ಮೊದಲೇ ಕೊಡುವುದು ಕಸುಬು.
ಗಂಟು ಹಾಕುತ್ತಿದ್ದದ್ದು ಯಾವಾಗಲೂ ಬೇರೆ ಕೈ.
ಈಗ ಎಡಗೈ ಕೊಡುತ್ತದೆ, ಬಲಗೈ ಇಸಿದುಕೊಳ್ಳುತ್ತದೆ.
ಮೊನ್ನೆ ಬಾಯಿತಪ್ಪಿ ಥ್ಯಾಂಕ್ಯೂ ಅಂದೆ,
ಖಾಲಿ ಕೋಣೆಯಲ್ಲಿ.

ನವಿಲುಗರಿ ಮೋಲ್ ಕ್ರೀಕಿನ ಹೊಲವೊಂದರಲ್ಲಿ ಸಿಕ್ಕಿದ್ದು.
ಮೂರನೇ ಕ್ಲಾಸಿನಲ್ಲಿ ಪುಸ್ತಕದ ನಡುವೆ ಇಟ್ಟ ಗರಿ
ಪೆನ್ಸಿಲ್ ಹೆರೆದ ಪುಡಿ ತಿನ್ನಿಸಿದರೂ ಮರಿ ಹಾಕಲಿಲ್ಲ.
ದಿನಾ ತೆಗೆದು ನೋಡಬಾರದು ಅಂದಿದ್ದಳು ಶಕೀಲಾ.
ನಾನು ದಿನಾ ತೆಗೆದು ನೋಡಿದೆ.
ಇಲ್ಲಿ ಒಂದೊಂದೇ ಎಳೆ ಬಿಡಿಸಿ, ಸುತ್ತಿ, ಇನ್ನೊಮ್ಮೆ ಸುತ್ತಿ,
ಹಿಂದೆ ಕೆಂಪು ಉಣ್ಣೆಯ ಚೂರು,
ಮುಂದೆ ಹುಂಜದ ಕಂದು ಗರಿ,
ಮೂಗಿನ ಹತ್ತಿರ ಗಂಟು, ಒಂದು ಹನಿ ವಾರ್ನಿಷು.
ನಲವತ್ತು ವರ್ಷ ತಡವಾಗಿ
ನವಿಲಿಗೆ ನೊಣ ಹುಟ್ಟಿತು.
ಬಣ್ಣ ತಾಯಿಯದು. ಕಣ್ಣು ಉಕ್ಕಿನದು.

ಕ್ಲ್ಯಾರಿ ಕಟ್ಟುವುದನ್ನು ಬಿಟ್ಟು ಮೂರು ಚಳಿಗಾಲ,
ಕೈ ನಡುಗುತ್ತದೆ.
ತಟ್ಟಲು ಬಾಗಿಲಿಲ್ಲದೆ ಚೌಕಟ್ಟನ್ನೇ ತಟ್ಟಿ ಬಂದ.
ಭೂತಗನ್ನಡಿಯಲ್ಲಿ ಬಹಳ ಹೊತ್ತು ನೋಡಿದ.
ಸೊಟ್ಟಗಿದೆ, ಅಂದೆ ನಾನೇ ಮೊದಲು.
"ರೆಕ್ಕೆ ಬಿಚ್ಚಲಾರದೆ ನೀರಿಗೆ ಅಂಟಿಕೊಂಡದ್ದು ಹೀಗೇ ಇರುತ್ತೆ.
ಮೀನು ಮೊದಲು ಹಿಡಿಯೋದು ಅದನ್ನೇ.
ಚೆನ್ನಾಗಿ ಹಾರೋದರ ಹಿಂದೆ ಯಾರು ಹೋಗ್ತಾರೆ?"

ಮೇಜಿನ ಮುಚ್ಚಳದ ಒಳಮೈಯಲ್ಲಿ
ಯಾರೋ ಮೊಳೆಯಿಂದ ಕೆತ್ತಿದ ಹೆಸರು: ಮರ್ಲ್.
ಅವನ ಬೆರಳು ಅದನ್ನು ದಾಟುವಾಗ ನಡುಕ ನಿಂತಿತ್ತು,
ಅಥವಾ ನನಗೆ ಹಾಗೆ ಕಂಡಿತು.
ಕೇಳಲಿಲ್ಲ. ಅಕ್ಷರ ಮುಚ್ಚದ ಹಾಗೆ
ಸುತ್ತಲೂ ಗಾಳದ ಕಾರ್ಡುಗಳನ್ನು ಸಿಕ್ಕಿಸಿದೆ.

ಋತು ತೆರೆಯಲು ಇನ್ನು ಹನ್ನೊಂದು ದಿನ.
ಮಿಯಾಂಡರ್ ನದಿ ಚಹದ ಬಣ್ಣದಲ್ಲಿ ತುಂಬಿ ಹೋಗುತ್ತಿದೆ.
ಹಿಡಿದದ್ದನ್ನು ಬಿಡಬೇಕೆಂದು ಪ್ರತಿ ಗಾಳದ ಮುಳ್ಳನ್ನೂ
ಚಿಮಟದಲ್ಲಿ ಒತ್ತಿ ಚಪ್ಪಟೆ ಮಾಡಿದ್ದೇನೆ.

ನಿನ್ನೆ ರಾತ್ರಿ ಸಾರಿನಲ್ಲೊಂದು ಕಂದು ಎಳೆ.
ಉಲ್ಲಾಸ ಚಮಚದಲ್ಲಿ ಎತ್ತಿ, ದೀಪಕ್ಕೆ ಹಿಡಿದು,
"ಪರವಾಗಿಲ್ಲ, ತೇಲುತ್ತೆ" ಅಂದ.