ಇನ್ನೂರ ಹನ್ನೊಂದನೇ ಪುಟ

ಲೋಕ ಹನ್ನೆರಡನೇ ಪುಟಕ್ಕೇ ಮುಗಿಯಿತು.
ಆಮೇಲೆ ಒಬ್ಬ ಗಡ್ಡದವ, ಒಂದು ನಾಯಿ,
ಗೊರಗೊರ ಎನ್ನುವ ರೇಡಿಯೋ.
ಎಲ್ಲ ಎಲ್ಲೋ ಓದಿದ್ದೇ;
ಊರಿನ ಹೆಸರಷ್ಟೇ ನಮ್ಮ ಕಡೇದು.
ಹೊಸನಗರದ ರಸ್ತೆ ಮೇಲೆ ಹಿಮ ಬೀಳುತ್ತದೆ, ಪಾಪ,
ಡಬ್ಬಿ ಬೀನ್ಸಿಗಾಗಿ ಇಬ್ಬರು ಬಡಿದಾಡಿ ಸಾಯುತ್ತಾರೆ.
ಡಬ್ಬಿ ಬೀನ್ಸು! ಭದ್ರಾವತಿಯ
ಯಾವ ಅಂಗಡಿಯಲ್ಲಿ ಕಂಡಿದ್ದನೋ ಪುಣ್ಯಾತ್ಮ.

ಹಳೇ ಚಟ, ಹಾಳೆಯನ್ನು ಬೆರಳಲ್ಲಿ ಉಜ್ಜಿ ನೋಡಿದೆ:
ಅರವತ್ತು ಜಿಎಸ್‌ಎಂ. ನಮ್ಮದಲ್ಲ.
ಇಪ್ಪತ್ತಾರು ವರ್ಷ ಪಲ್ಪ್ ಸೆಕ್ಷನ್ನಿನಲ್ಲಿ
ಬಿದಿರು ಬೇಯಿಸಿದವನು ನಾನು.

ಕಾರ್ಖಾನೆ ನಿಂತ ರಾತ್ರಿ
ಬೆಂಕಿ ಬೀಳಲಿಲ್ಲ, ಯಾರೂ ಓಡಲಿಲ್ಲ.
ಆ ವಾಸನೆ ನಿಂತಿತು, ಅಷ್ಟೇ.
ಕೊಳೆತ ಎಲೆಕೋಸಿನಂಥದ್ದು,
ಬಂದ ನೆಂಟರೆಲ್ಲ ಮೂಗು ಮುಚ್ಚಿಕೊಳ್ಳುತ್ತಿದ್ದದ್ದು.
ಕ್ವಾರ್ಟರ್ಸಿನ ಸಾಲಿಗೆ ಸಾಲೇ ನಿದ್ದೆಗೆಟ್ಟಿತು.
ಸೆಲ್ವಮಣಿಯ ಕೂಸು, ಹುಟ್ಟಿದಾಗಿನಿಂದ ಅದನ್ನೇ ಉಸಿರಾಡಿದ್ದು,
ಬೆಳಗಿನ ತನಕ ಅತ್ತಿತು.

ಸೈರನ್ ಇಲ್ಲದ ಆರು ಗಂಟೆಗೆ ಎದ್ದು
ಬೂಟು ಹಾಕಿ, ಲೇಸು ಕಟ್ಟಿ,
ಮತ್ತೆ ಬಿಚ್ಚಿದೆ.
ಎದುರುಮನೆ ಜುಲೇಖಾಬಿ ಬಂದು
ಹೋದ ತಿಂಗಳು ಕೊಟ್ಟಿದ್ದ ಕುಕ್ಕರಿನ ವಿಷಲ್
ವಾಪಸು ಕೇಳಿದರು.
ಕೊಟ್ಟೆ.

ಇದನ್ನು ಬರೆಯಬಾರದಿತ್ತೇ, ಮಾರಾಯ?

ಇನ್ನೂರ ಹನ್ನೊಂದರ ಹೊತ್ತಿಗೆ
ನಾಯಿ ಸಾಯುವುದು ಗ್ಯಾರಂಟಿ, ಮೊದಲೇ ಗೊತ್ತಿತ್ತು.
ಗೊತ್ತಿದ್ದೂ ಓದಿದೆ.
ಸತ್ತಿತು.
ಕನ್ನಡಕ ತೆಗೆದು ಒರೆಸಿಕೊಳ್ಳಬೇಕಾಯಿತು,
ಥತ್.