ಖಾಲಿ ಗಾಡಿಯ ತೂಕ

ಮಾಚೇನಹಳ್ಳಿಯ ವೇ ಬ್ರಿಡ್ಜಿನಲ್ಲಿ ನನ್ನ ಕೆಲಸ.
ಲೋಡು ಗಾಡಿ ತೂಗುವುದು, ಖಾಲಿ ಗಾಡಿ ತೂಗುವುದು,
ಕಳೆದು ಚೀಟಿ ಹರಿದು ಕೊಡುವುದು.
ಗುಜರಿ ಕಬ್ಬಿಣ, ಎರಕದ ಅಚ್ಚು, ಮೆಕ್ಕೆಜೋಳ,
ಇಪ್ಪತ್ತೆರಡು ವರ್ಷ ಯಾರಯಾರದೋ ಭಾರ ಬರೆದೆ
ನನ್ನದು ನೂರ ನಲವತ್ತಾಗುವವರೆಗೆ.

"ಗುತ್ಯಣ್ಣ, ಹಲಗೆ ಮೇಲೆ ಕಾಲಿಡಬೇಡ ಮಾರಾಯ,
ನನ್ನ ಗಾಡಿಗೆ ಓವರ್‌ಲೋಡ್ ಕೇಸು ಬೀಳುತ್ತೆ"
ಅನ್ನುತ್ತಿದ್ದ ಆನಂದಪುರದ ಶೌಕತ್.
ನಾನೂ ನಗುತ್ತಿದ್ದೆ, ಹೊಟ್ಟೆ ಹಿಡಿದುಕೊಂಡು.
ಆಗ ಹಿಡಿಯಲು ಹೊಟ್ಟೆಯಿತ್ತು.

ಆಮೇಲೆ ಐದು ತೂತು, ಒಂದೊಂದೂ ಅಂಗಿಯ ಕಾಜದಷ್ಟು.
ಒಳಗೆ ಮಾಡಿದ್ದನ್ನು ಡಾಕ್ಟರು
ಔಷಧಿ ಚೀಟಿಯ ಹಿಂದೆ ಗೀಚಿ ತೋರಿಸಿದರು:
ಜಠರ ಒಂದು ಮೊಟ್ಟೆಯಷ್ಟು ಉಳಿಸಿದ್ದೇವೆ,
ಕರುಳನ್ನು ಬೈಪಾಸ್ ರಸ್ತೆಯ ಹಾಗೆ
ಊರ ಹೊರಗಿಂದ ತಿರುಗಿಸಿದ್ದೇವೆ.
ಊರ ಹೊರಗೆ ಹೋದರೆ ಸಂತೆ ಸಿಗುವುದಿಲ್ಲವಲ್ಲ.
ಕಬ್ಬಿಣ, ಸುಣ್ಣ, ಬಿ ಹನ್ನೆರಡು
ಇಳಿಯುತ್ತಿದ್ದ ಸ್ಟಾಪುಗಳೆಲ್ಲ ಹಿಂದೆ ಬಿದ್ದವು.
ಅದಕ್ಕೇ ಈ ಮಾತ್ರೆಗಳು, ಸಾಯುವವರೆಗೆ.
ತಿಂಗಳಿಗೊಂದು ಸೂಜಿ, ಕೆಂಪು ನೀರು.
ಕಬ್ಬಿಣದ ಧೂಳು ಮೂಗಿಗೆ ಅಡರುವ ಜಾಗದಲ್ಲಿ ಕೂತು
ರಕ್ತಕ್ಕೆ ಕಬ್ಬಿಣ ಸಾಲದೆಂಬ ರಿಪೋರ್ಟು ಓದುತ್ತೇನೆ.

ಹನ್ನೆರಡನೇ ದಿನಕ್ಕೆ ಇನ್ಸುಲಿನ್ ನಿಂತಿತು.
ತೂಕ ಇಳಿಯುವ ಮೊದಲೇ ಸಕ್ಕರೆ ಇಳಿದಿತ್ತು.
ಫ್ರಿಜ್ಜಿನ ಬಾಗಿಲಲ್ಲಿ ಆ ಡಬ್ಬಿಯಿದ್ದ ಕಡೆ
ನೀಲಾಕ್ಷಿ ಒದ್ದೆ ಬಟ್ಟೆ ಸುತ್ತಿ ಕಾಕಡ ಇಡುತ್ತಾಳೆ.

ಇನ್ನು ಊಟ. ಅರ್ಧ ಕಡುಬಿಗೆ ಅರ್ಧ ಗಂಟೆ.
ನೀರಿಗೆ ಬೇರೆ ಹೊತ್ತು, ತುತ್ತಿಗೆ ಬೇರೆ ಹೊತ್ತು,
ಹಿಸ್ಸೆಗೆ ಜಗಳವಾಡಿದ ಅಣ್ಣತಮ್ಮಂದಿರಂತೆ
ಎರಡನ್ನೂ ಒಂದೇ ಪಂಕ್ತಿಗೆ ಕರೆಯುವಂತಿಲ್ಲ.
ಮೊದಲು ಮೊಟ್ಟೆಯ ಬಿಳಿ, ಹೆಸರುಕಾಳು, ಮೀನು.
ಜಾಗ ಉಳಿದರೆ ಅನ್ನ.
ಉಳಿಯುವುದಿಲ್ಲ.

ತಂಗಿಯ ಮೊಮ್ಮಗಳನ್ನು ತೊಟ್ಟಿಲಿಗೆ ಹಾಕಿದ ದಿನ
ಒಂದು ಹೋಳಿಗೆ ಪೂರ್ತಿ ತಿಂದೆ. ಕದ್ದಲ್ಲ, ಎಲ್ಲರೆದುರು.
ಕಾಲು ಗಂಟೆಗೆ ಎದೆ ಡೋಲು, ಅಂಗಿ ಒದ್ದೆ, ಕಣ್ಣು ಕತ್ತಲೆ.
ಹೊರಗೆ ಚಪ್ಪಲಿಗಳ ನಡುವೆ ಕೂತೆ.
ನೀಲಾಕ್ಷಿ ತಟ್ಟೆಯಿಂದ ಗಾಳಿ ಹಾಕುತ್ತ
"ಬೆಲ್ಲ ಒಂದೇ ಓಟಕ್ಕೆ ಕರುಳಿಗೆ ಬಿದ್ದಿದೆ" ಅಂದಳು,
ನರ್ಸಮ್ಮನ ದನಿಯಲ್ಲಿ.
ಬಯ್ಯಲಿಲ್ಲ. ಬಯ್ದಿದ್ದರೆ ಚೆನ್ನಾಗಿತ್ತು.

ನಾಲ್ಕನೇ ತಿಂಗಳು ಕೂದಲು ಬಾಚಣಿಗೆಗೆ ಬಂತು.
ಏಪ್ರಿಲ್ ಬಿಸಿಲಲ್ಲೂ ಸ್ವೆಟರು ಬೇಕು,
ಒಳಗಿನ ಒಲೆ ಸಣ್ಣದಾಗಿದೆ,
ಮೈ ಸೌದೆ ಎಣಿಸಿ ಸುಡುತ್ತಿದೆ.
ಕಾಫಿಗೆ ಬೀಗದ ಕೈ ನೆಕ್ಕಿದ ರುಚಿ.
ತೋಳಿನ ಚರ್ಮ ಮಾತ್ರ ಜೋತು ಬಿದ್ದು
ಹಳೆಯ ಗುತ್ಯಪ್ಪನ ದಾರಿ ನೋಡುತ್ತಿದೆ.

ಶೌಕತ್ ಈಗ ತಮಾಷೆ ಮಾಡುವುದಿಲ್ಲ.
"ಏನಾದ್ರೂ ದೊಡ್ಡ ಕಾಯಿಲೆನಾ ಅಣ್ಣ?" ಅಂತ ಮೆಲ್ಲಗೆ ಕೇಳಿ
ದರ್ಗಾದಲ್ಲಿ ಓದಿಸಿದ ಸಕ್ಕರೆ ಕೊಟ್ಟ.
ಪೊಟ್ಟಣ ಡ್ರಾಯರಿನಲ್ಲಿದೆ,
ತಿನ್ನುವಂತಿಲ್ಲ, ಎಸೆಯುವಂತಿಲ್ಲ.

ನಿನ್ನೆ ರಾತ್ರಿ ಪಾಳಿ. ಗಾಡಿ ಬರಲಿಲ್ಲ.
ಹೋಗಿ ಹಲಗೆಯ ನಡುವೆ ನಿಂತೆ.
ಗಾಜಿನಾಚೆ ಕೆಂಪು ಅಂಕಿ: ಎಂಬತ್ತು.
ಈ ಯಂತ್ರ ಹತ್ತು ಹತ್ತಾಗಿ ಎಣಿಸುತ್ತದೆ,
ಅದಕ್ಕಿಂತ ಸಣ್ಣದು ಅದರ ಲೆಕ್ಕಕ್ಕಿಲ್ಲ.
ಸುಮ್ಮನೆ ಒಂದು ಚೀಟಿ ಬರೆದೆ.
ಲೋಡು ನೂರ ನಲವತ್ತು, ಖಾಲಿ ಎಂಬತ್ತು.
ಮಾಲು ಯಾವುದು ಎಂಬಲ್ಲಿ ಪೆನ್ನು ನಿಂತಿತು.

ಅಷ್ಟರಲ್ಲಿ ಒಳಗೆ ಏನೋ ಕುಂಯ್‌ಗುಟ್ಟಿತು.
ಹದಿನಾಲ್ಕು ತಿಂಗಳಾಗಿತ್ತು ಆ ಸದ್ದು ಕೇಳಿ.
ಹಸಿವು!
ದೂರ ಬಿಟ್ಟು ಬಂದ ನಾಯಿ
ದಾರಿ ಮೂಸುತ್ತ ಮೂಸುತ್ತ ಬಂದು
ಬಾಗಿಲು ಕೆರೆದ ಹಾಗೆ.

ಡಾಕ್ಟರಿಗೆ ಹೇಳಬೇಕು. ನೀಲಾಕ್ಷಿಗೂ.
ನಾಳೆ ಹೇಳಿದರಾಯಿತು ಅಂದುಕೊಂಡು
ಡಬ್ಬಿಯ ಹೆಸರುಕಾಳು ಒಂದೊಂದೇ ತಿಂದೆ.
ಅದು ಕಾಲ ಬಳಿ ಕೂತು ನೋಡುತ್ತಿತ್ತು.