ಐದನೇ ವಿಷಯ

ನಾಗಣಸೂರ ಟಪ್ಪಾಲ ಕಚೇರಿ ಅಂದರ
ನಮ್ಮ ಮನೀ ಪಡಸಾಲಿ.
ಒಂದು ಮೇಜು, ತಕ್ಕಡಿ, ತಾರೀಖಿನ ಶಿಕ್ಕಾ,
ಗ್ವಾಡಿಗೆ ಕೆಂಪು ಡಬ್ಬಿ.
ಹೊಸ್ತಿಲಾ ದಾಟಿದರ ಅಡಗೀ ಮನಿ.
ಅದು ಸಾನಿಕಾನ ಹತ್ತನೇ ಇಯತ್ತೆ.

ಆಕಿ ಶಾಲಿ ಯಾಕ ಬಿಟ್ಟಳು ಅಂತ ಕೇಳಬ್ಯಾಡ್ರಿ.
ಎರಡು ವರ್ಷ ಎಲ್ಲಾರಿಗೂ ಹೇಳಿ ಹೇಳಿ
ಆ ಮಾತಿಗೆ ಅಂಟು ಉಳಿದಿಲ್ಲ,
ಬೆವರಗೈಯಾಗಿನ ಸ್ಟ್ಯಾಂಪಿನಂಗ.

ಈಗಿನ ಮಾತು ಅರ್ಜಿದು. ಮುಕ್ತ ಶಾಲಿ ಅರ್ಜಿ.
ಪಟ್ಟಿಯೊಳಗ ಇಷ್ಟುದ್ದ ವಿಷಯ ಅದಾವ,
ಐದು ಆರಿಸಬೇಕು.
ನನ್ನ ಕಾಲಕ್ಕ ಯಾರು ಕೇಳಿದ್ದರು?
ಗಂಟಿ ಬಾರಿಸತಿತ್ತು,
ಒಂದು ಪುಸ್ತಕ ಮುಚ್ಚಿ ಇನ್ನೊಂದು ತಗೀತಿದ್ದಿವಿ.
ಆರಿಸೂದು ಸೀರಿ ಅಂಗಡ್ಯಾಗ ಅಷ್ಟ ಗೊತ್ತಿತ್ತು.
ಅಲ್ಲೂ ಆರಿಸಿದಾಕಿ ಅತ್ತಿ.

ದುಧನಿಯಿಂದ ಮೈದುನನ ಫೋನು:
ವಿಜ್ಞಾನ ಬಿಟ್ಟರ ಮುಂದಿನ ದಾರಿ ಎಲ್ಲಾ ಬಂದ್, ವಹಿನಿ.
ಝೆರಾಕ್ಸ್ ಅಂಗಡಿ ಮುಬಾರಕ:
ಡೇಟಾ ಎಂಟ್ರಿ ಹಾಕ್ರಿ ಮಾವಶಿ, ಲಗೂ ಪಾಸ್.
ಪಗಾರದಂಗ ಪಿಂಚಣಿ ಎಣಿಸಿಕೊಳ್ಳೂ ಕಲ್ಲವ್ವಾಯಿ
ಹೆಬ್ಬಟ್ಟಿನ ಮಸಿ ಗ್ವಾಡಿಗೆ ಒರಸಿ ಕೇಳಿದಳು,
"ಅಡಗಿ ವಿಷಯನೂ ಐತೇನು? ಹಂಗಾರ ನಾ ಪಾಸಾದೆ."

ಅವರಪ್ಪ ಏನೂ ಅನ್ನಲಿಲ್ಲ.
ಸುಟ್ಟ ಮೋಟಾರಿನ ಹೊಟ್ಟಿ ಬಗದು
ತಾಮ್ರದ ತಂತಿ ಸುತ್ತಕೋತ ಕುಂತಿದ್ದ.
ಸುತ್ತು ಎಣಿಸಾಕಿ ಸಾನಿಕಾ.
ಐವತ್ತಾರು, ಐವತ್ತೇಳು, ಗಂಟು.
ಎಣಿಕಿ ನಡದಾಗ ಆ ಅಂಗಡ್ಯಾಗ
ಗಿರಾಕಿ ಸುದ್ದಾ ಕೆಮ್ಮಂಗಿಲ್ಲ.

ಆ ದಿನ ರಾತ್ರಿ ಆಕೀನ ವಿಜ್ಞಾನದ ಮ್ಯಾಲ ಗೀಟು ಹೊಡದಳು.
"ಯಾಕವ್ವಾ?"
"ಅದು ಅಪ್ಪನ ಹತ್ತಿರ ಬರಾಕತ್ತೈತಿ.
ಪರೀಕ್ಷಾ ಹಾಲಿಗೆ ಒಯ್ದರ ಕೆಡತೈತಿ."

ಕನ್ನಡದ ಮುಂದ ನಾ ಮೊದಲ ಗುರ್ತು ಹಾಕಿದ್ದೆ.
ಮರಾಠಿ ಸುಮ್ಮ ದಾಟಿದ್ದೆ,
ಬೋರಿ ಹೊಳಿ ಕೆಸರು ದಾಟಿದಂಗ, ಸೀರಿ ಎತ್ತಿ ಹಿಡದು.
ಒಂದು "ಚ" ತಪ್ಪಿದ್ದಕ್ಕ ಇಡೀ ವರ್ಗ ನಕ್ಕಿದ್ದು
ಆಕೀಗಿಂತ ನನಗ ಹೆಚ್ಚು ನೆನಪೈತಿ.
(ನೋಡ್ರಿ, ಹೇಳಂಗಿಲ್ಲ ಅಂದಾಕಿ ಹೇಳೇ ಬಿಟ್ಟೆ.)
ಆಕಿ ಬೆರಳಿಟ್ಟು ಅಂದಳು, "ಇದನ್ನೂ ಬರಿ.
ಇಲ್ಲಿ ನಗಾವರ್ಯಾರೂ ಇಲ್ಲ. ಸಾವಕಾಶ ಕಲೀತೀನಿ.
ನಗೂದಾದರ ನೀ ನಗಬೇಕು,
ನಿನಗೂ ಆ ಚ ಬರಂಗಿಲ್ಲ."

ಗಣಿತ, ಹೂಂ.
ಲೆಕ್ಕಶಾಸ್ತ್ರ, ಅದೂ ಹೂಂ;
ಸಂಜೀಕ ನನ್ನ ರೊಕ್ಕ ತಾಳೆ ಆಗದಾಗ
ತಪ್ಪು ಹುಡುಕಾಕಿ ಆಕೀನ.

ನಾಕಾದುವು.
ಐದನೇದರ ಜಾಗಾ ಎಂಟು ದಿನ ಖಾಲಿ.
ಸೋಮವಾರ ಅರ್ಥಶಾಸ್ತ್ರ, ಬುಧವಾರ ಚಿತ್ರಕಲಾ,
ಸಂತಿ ದಿನ ಮನಶಾಸ್ತ್ರ.
"ಅದರಾಗೇನು ಇರತೈತಿಬೇ?" ಅಂತ ಕೇಳಿದರ
ರೊಟ್ಟಿ ತಟ್ಟೂ ಕೈ ನಿಲ್ಲಿಸಿ ನಾ ಏನ ಹೇಳಲಿ?
ಕಾಗದ ತೂಗಿ ತೂಗಿ ಹದಿನೇಳು ವರ್ಷ ಆತು,
ಒಳಗೇನೈತಿ ಅಂತ ಕೇಳಿದಾಕಿ ಅಲ್ಲ.

ಮುದ್ದತಿ ಮುಗಿಯೂ ರಾತ್ರಿ ರೇಂಜು ಹೋತು.
ಆಕಿ ಮೊಬೈಲ್ ಹಿಡಕೊಂಡು ಮಾಳಿಗಿ ಏರಿದಳು.
ಇಳದಾಗ ಅರ್ಜಿ ಹೋಗಿತ್ತು.
"ಏನ ಹಾಕಿದಿ?"
"ಬರತೈತಲ್ಲ, ನಿನ್ನ ಕೈಗೇ ಬರತೈತಿ."

ಇವತ್ತ ಸಂಜೀ ಬಸ್ಸಿಗೆ ಚೀಲ ಬಂತು.
ಗಟ್ಟಿ ಹೊಲದ ಪಾರ್ಸಲ್, ಮ್ಯಾಲ ಆಕಿ ಹೆಸರು,
ಕೆಳಗ ನಮ್ಮ ಮನಿ ವಿಳಾಸ.
ಶಿಕ್ಕಾ ಹೊಡದೆ.
ಬಟವಾಡೆ ನಾಳೆ ಹತ್ತಕ್ಕ.
ಹೆಸರಿದ್ದಾಕಿ ಬಂದು ಸಹಿ ಮಾಡಬೇಕು.

ಹೊಸ್ತಿಲಾಚೆ ಆಕಿ ನಿದ್ದಿಗೆ ಬಿದ್ದಾಳ,
ಇಲ್ಲಾ, ಬಿದ್ದಂಗ ಮಾಡ್ಯಾಳ.
ಲೈಟ್ ಹಾಕಲಾರದ ತಕ್ಕಡಿ ಮ್ಯಾಲ ಇಟ್ಟೆ,
ಮೂರೂವರಿ ಕಿಲೋಕ್ಕ ಚೂರು ಹೆಚ್ಚು.
ಅರಿವಿ ಮ್ಯಾಲಿಂದ ಬೆರಳಾಡಿಸಿದೆ:
ನಾಕು ದಪ್ಪನ್ನ ಬೆನ್ನು.
ಆಮ್ಯಾಲ ಒಂದು ತೆಳ್ಳಂದು.